ನಿಜ ಘಟನೆಯ ಹಾಡುಗಳು: ತಪ್ಪಿದ ವಿವರವನ್ನು ಹಾಡಿದವರೇ ತಿದ್ದಬೇಕೇ?

ಧ್ವನಿಮುದ್ರಿಕೆ (ಚರ್ಚೆಯ ಆರಂಭ)

ನಿಜವಾಗಿ ನಡೆದ ಘಟನೆಗಳಿಂದ ಹುಟ್ಟಿದ ಜನಪ್ರಿಯ ಹಾಡುಗಳ ಮಾತು ಬಂದಾಗಲೆಲ್ಲ ಚರ್ಚೆ ಒಂದು ಪಟ್ಟಿಯಾಗಿ ಮುಗಿದುಹೋಗುತ್ತದೆ. ನನ್ನ ಪ್ರಶ್ನೆ ಪಟ್ಟಿಯದಲ್ಲ. ಹಾಡಿನಲ್ಲಿ ಹೇಳಿದ ವಿವರವೊಂದು ತಪ್ಪೆಂದು, ಅಥವಾ ಖಚಿತವಲ್ಲವೆಂದು, ಆಮೇಲೆ ತಿಳಿದುಬಂದರೆ ಹಾಡಿದವರಿಗೆ ಅದನ್ನು ತಿದ್ದುವ ಹೊಣೆ ಇದೆಯೇ, ಅಥವಾ ಹಾಡು ಒಮ್ಮೆ ಹೊರಬಂದ ಮೇಲೆ ಅದು ಹೇಗಿದೆಯೋ ಹಾಗೆಯೇ ಇರಬೇಕೇ?

ಈ ಪ್ರಶ್ನೆ ಹುಟ್ಟಿದ್ದು ಗೋರ್ಡನ್ ಲೈಟ್‌ಫುಟ್ ಅವರ ‘ದಿ ರೆಕ್ ಆಫ್ ದಿ ಎಡ್ಮಂಡ್ ಫಿಟ್ಜ್‌ಜೆರಾಲ್ಡ್’ ಹಾಡಿನಿಂದ. 1975ರ ನವೆಂಬರ್ 10ರ ಸಂಜೆ ಉತ್ತರ ಅಮೆರಿಕದ ಸುಪೀರಿಯರ್ ಸರೋವರದಲ್ಲಿ, 729 ಅಡಿ ಉದ್ದದ ಈ ಸರಕು ಹಡಗು ಸುಮಾರು 26,000 ಟನ್ ಕಬ್ಬಿಣದ ಅದಿರನ್ನು ಹೊತ್ತು ಸಾಗುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಹಿಂದೆ ಬರುತ್ತಿದ್ದ ಇನ್ನೊಂದು ಹಡಗಿನವರು ಸಂಜೆ ಏಳು ದಾಟಿದ ಮೇಲೆ ರೇಡಿಯೊದಲ್ಲಿ ವಿಚಾರಿಸಿದಾಗ, ಕ್ಯಾಪ್ಟನ್ ಅರ್ನೆಸ್ಟ್ ಮ್ಯಾಕ್‌ಸಾರ್ಲಿ ಹೇಗೋ ತಡೆದುಕೊಂಡಿದ್ದೇವೆ ಎಂಬರ್ಥದ ಒಂದು ಮಾತನ್ನಷ್ಟೇ ಹೇಳಿದರು. ಅಪಾಯದ ಕರೆ ಬರಲೇ ಇಲ್ಲ. ಹಡಗಿನಲ್ಲಿದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಪತ್ರಿಕೆಯೊಂದರಲ್ಲಿ ಬಂದ ವರದಿಯನ್ನು ಓದಿದ ಲೈಟ್‌ಫುಟ್ ಬರೆದ, ಆರು ನಿಮಿಷಕ್ಕೂ ಹೆಚ್ಚು ಉದ್ದದ ಹಾಡು ಮರುವರ್ಷ, ಅಂದರೆ 1976ರಲ್ಲಿ, ಅಮೆರಿಕದ ಜನಪ್ರಿಯತಾ ಪಟ್ಟಿಯ ಎರಡನೆಯ ಸ್ಥಾನದವರೆಗೆ ಏರಿತು.

ಹಾಡಿನಲ್ಲಿ ಸಂಜೆ ಏಳರ ಹೊತ್ತಿಗೆ ಸರಕಿನ ಮುಖ್ಯ ಮುಚ್ಚಳವೊಂದು ಕುಸಿಯಿತು ಎಂಬ ಸಾಲಿದೆ. 1977ರಲ್ಲಿ ಬಂದ ಕರಾವಳಿ ಕಾವಲು ಪಡೆಯ ವರದಿಯೂ ಮುಚ್ಚಳಗಳು ಸರಿಯಾಗಿ ಮುಚ್ಚಿರಲಿಲ್ಲ, ಅಲ್ಲಿಂದಲೇ ನೀರು ಒಳನುಗ್ಗಿರಬೇಕು ಎಂದು ಊಹಿಸಿತ್ತು. ಮುಚ್ಚಳ ಬಿಗಿಯುವುದು ನಾವಿಕರ ಕೆಲಸ, ಆದ್ದರಿಂದ ಆ ಸಾಲಿನ ಅರ್ಥ ಮೇಲ್ನೋಟಕ್ಕೆ ಕಾಣುವಷ್ಟು ಹಗುರವಲ್ಲ: ಸತ್ತವರ ಅಲಕ್ಷ್ಯದಿಂದಲೇ ಹಡಗು ಮುಳುಗಿತು ಎಂಬ ಸೂಚನೆ ಅದರಲ್ಲಿದೆ. ಹಡಗು ಮಾಲೀಕರ ಸಂಘ ಆ ಊಹೆಯನ್ನು ಒಪ್ಪದೆ, ಹಡಗು ನೀರಿನಡಿಯ ದಿಬ್ಬಕ್ಕೆ ತಾಗಿರಬಹುದು ಎಂದು ವಾದಿಸಿತು. 2010ರಲ್ಲಿ ಬಂದ ದೂರದರ್ಶನ ಸಾಕ್ಷ್ಯಚಿತ್ರವೊಂದು ದೈತ್ಯ ಅಲೆಯ ಸಾಧ್ಯತೆಯನ್ನು ಮುಂದಿಟ್ಟು, ನಾವಿಕರ ತಪ್ಪಿರಲಿಲ್ಲ ಎಂದಿತು. ಅದಾದ ಮೇಲೆ ಲೈಟ್‌ಫುಟ್ ವೇದಿಕೆಯಲ್ಲಿ ಆ ಸಾಲನ್ನು ಬಿಟ್ಟು, ಏಳು ಗಂಟೆಗೆ ಕತ್ತಲಾಯಿತು ಎಂಬರ್ಥದ ಸಾಲನ್ನು ಹಾಡತೊಡಗಿದರು. ಒಂದು ಕಾರಣ ಹೋಗಿ ಆ ಜಾಗದಲ್ಲಿ ಬರೀ ಕತ್ತಲು ಬಂದಿತು. ನನ್ನ ಮಟ್ಟಿಗೆ ಆ ಹಾಡಿನ ಅತ್ಯುತ್ತಮ ಸಾಲು ಅದೇ, ಏಕೆಂದರೆ ಆ ಹೊತ್ತಿನ ಬಗ್ಗೆ ಖಚಿತವಾಗಿ ಹೇಳಬಹುದಾದದ್ದು ಅಷ್ಟೇ.

ಅದೇ ಹಾಡಿನಲ್ಲಿ ಹಡಗು ಕ್ಲೀವ್‌ಲ್ಯಾಂಡಿಗೆ ಹೊರಟಿತ್ತು ಎಂದಿದೆ. ನಿಜವಾಗಿ ಅದು ಡೆಟ್ರಾಯಿಟ್ ಬಳಿಯ ಜಗ್ ದ್ವೀಪಕ್ಕೆ ಹೋಗುತ್ತಿತ್ತು. ಅದು ಹಾಗೆಯೇ ಉಳಿದಿದೆ, ಉಳಿದರೆ ಯಾರಿಗೂ ನಷ್ಟವೂ ಇಲ್ಲ. ತಪ್ಪು ಒಬ್ಬ ಮನುಷ್ಯನ ಮೇಲೆ, ಬದುಕಿರುವವರ ಮೇಲೋ ಅವರ ಮನೆಯವರ ಮೇಲೋ ಬಿದ್ದರೆ ತಿದ್ದಬೇಕು, ಊರಿನ ಹೆಸರು ಪ್ರಾಸಕ್ಕಾಗಿ ಬದಲಾದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ ಎಂಬುದು ನನ್ನ ನಿಲುವು. ಒಪ್ಪದವರು ದಯವಿಟ್ಟು ಉದಾಹರಣೆ ಸಹಿತ ಬರೆಯಿರಿ.

ಕಡತಪ್ರಿಯ

ಒಪ್ಪುತ್ತೇನೆ, ಆದರೆ ನೀವು ಆರಿಸಿಕೊಂಡಿರುವುದು ಸುಲಭದ ಉದಾಹರಣೆ. ಬಾಬ್ ಡಿಲನ್ ಅವರ ಎರಡು ಹಾಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಹ್ಯಾಟಿ ಕ್ಯಾರೊಲ್ ಅವರ ಸಾವಿನ ಹಾಡು. 1963ರ ಫೆಬ್ರವರಿಯಲ್ಲಿ ಬಾಲ್ಟಿಮೋರ್‌ನ ಹೋಟೆಲೊಂದರ ಔತಣದಲ್ಲಿ ಕುಡಿದಿದ್ದ ಶ್ರೀಮಂತ ಯುವಕ ವಿಲಿಯಂ ಜಾಂಟ್‌ಜಿಂಗರ್, ಪಾನೀಯ ತರುವುದು ತಡವಾಯಿತೆಂದು 51 ವರ್ಷದ ಪರಿಚಾರಿಕೆಯನ್ನು ಬೈದು ಬೆತ್ತದಿಂದ ಹೊಡೆದ. ಕೆಲವೇ ಗಂಟೆಗಳಲ್ಲಿ ಅವರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವನಿಗೆ ಆದ ಶಿಕ್ಷೆ ಆರು ತಿಂಗಳು. ಅದು ಪ್ರಕಟವಾದದ್ದು 1963ರ ಆಗಸ್ಟ್ 28ರಂದು, ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನ ನಾಗರಿಕ ಹಕ್ಕುಗಳಿಗಾಗಿ ಸೇರಿದ್ದ ದಿನವೇ. ಆದರೆ ಹಾಡನ್ನಷ್ಟೇ ಕೇಳಿದವರು, ಉದ್ದೇಶಪೂರ್ವಕ ಕೊಲೆ ಸಾಬೀತಾದ ಮೇಲೂ ನ್ಯಾಯಾಧೀಶರು ಆರು ತಿಂಗಳಷ್ಟೇ ಕೊಟ್ಟರು ಎಂದುಕೊಳ್ಳುತ್ತಾರೆ. ಆರಂಭದ ಕೊಲೆ ಆರೋಪವನ್ನು ಹಾಡು ಹೇಳುತ್ತದೆ, ಅದು ನರಹತ್ಯೆಯ ಆರೋಪಕ್ಕೆ ಇಳಿದದ್ದನ್ನು ಹೇಳುವುದಿಲ್ಲ. ಬೆತ್ತವೂ ಆಟಿಕೆಯ ಬೆತ್ತವಾಗಿತ್ತು. ಹಾಡಿನಲ್ಲಿ ಅದು ಕೊಲ್ಲಲೆಂದೇ ಬೀಸಿ ಬಂದ ಆಯುಧ. ಇಷ್ಟಿದ್ದೂ ಅನ್ಯಾಯ ನಡೆದದ್ದು ಸುಳ್ಳಲ್ಲ. ಇನ್ನೊಂದು ವಿಷಯ: ಆಕೆ ಕಪ್ಪು ವರ್ಣದವರು, ಅವನು ಬಿಳಿಯ ಎಂಬ ಮಾತು ಹಾಡಿನಲ್ಲಿ ಎಲ್ಲಿಯೂ ಇಲ್ಲ. ಆಕೆ ಮೇಜು ಒರೆಸುತ್ತಿದ್ದರು, ಎಂಜಲು ಬಳಿಯುತ್ತಿದ್ದರು, ಮೇಜಿನ ತಲೆಯಲ್ಲಿ ಒಮ್ಮೆಯೂ ಕೂರಲಿಲ್ಲ ಎಂಬ ವಿವರಗಳಿಂದಲೇ ಕೇಳುಗ ಅದನ್ನು ತಿಳಿದುಕೊಳ್ಳುತ್ತಾನೆ.

ಎರಡನೆಯದು 1975ರ ‘ಹರಿಕೇನ್’. ನ್ಯೂಜೆರ್ಸಿಯ ಪ್ಯಾಟರ್‌ಸನ್‌ನಲ್ಲಿ 1966ರಲ್ಲಿ ನಡೆದ ಮೂವರ ಕೊಲೆಗಾಗಿ ಮುಷ್ಟಿಕಾಳಗಪಟು ರೂಬಿನ್ ಕಾರ್ಟರ್ ಮತ್ತು ಜಾನ್ ಆರ್ಟಿಸ್ ಜೈಲಿಗೆ ಹೋಗಿದ್ದರು. ಎಂಟು ನಿಮಿಷದ ಈ ಹಾಡು ಅವರ ಪರವಾಗಿ ವಕೀಲನಂತೆ ವಾದಿಸುತ್ತದೆ. ಮೊದಲ ಸಲ ಧ್ವನಿಮುದ್ರಿಸಿದ ಪಾಠದಲ್ಲಿ ಇಬ್ಬರು ಸಾಕ್ಷಿಗಳು ಹೆಣಗಳ ಮೇಲಿನ ಹಣ ದೋಚಿದರು ಎಂದಿದ್ದರಿಂದ, ಮಾನನಷ್ಟ ಮೊಕದ್ದಮೆಗೆ ಹೆದರಿದ ಧ್ವನಿಮುದ್ರಣ ಸಂಸ್ಥೆಯ ವಕೀಲರು ಹಾಡನ್ನು ತಿದ್ದಿಸಿ ಮತ್ತೆ ಮುದ್ರಿಸಿದರು. ಇಷ್ಟೆಲ್ಲ ಆದಮೇಲೂ ಹಾಡಿನಲ್ಲಿ ಹೆಸರು ಬಂದ ಒಬ್ಬ ಮಹಿಳಾ ಸಾಕ್ಷಿ ದಾವೆ ಹೂಡಿದರು, ಗೆಲ್ಲಲಿಲ್ಲ. ಕಾರ್ಟರ್ ಆ ಹೊತ್ತಿಗೆ ಮಧ್ಯಮ ತೂಕದ ಕಿರೀಟಕ್ಕೆ ಮೊದಲ ಸಾಲಿನ ಸ್ಪರ್ಧಿಯಾಗಿದ್ದರು ಎಂಬುದೂ ಸರಿಯಲ್ಲ. ಅವರ ಶ್ರೇಯಾಂಕ ಆಗಲೇ ಕೆಳಗಿಳಿದಿತ್ತು.

ಈಗ ಧ್ವನಿಮುದ್ರಿಕೆಯವರು ಹೇಳಲಿ. 1976ರ ಮರುವಿಚಾರಣೆಯಲ್ಲಿ ಕಾರ್ಟರ್ ಮತ್ತೆ ಅಪರಾಧಿ ಎಂದಾಯಿತು. 1985ರಲ್ಲಿ ಫೆಡರಲ್ ನ್ಯಾಯಾಧೀಶ ಲೀ ಸರೋಕಿನ್ ಆ ತೀರ್ಪನ್ನು ರದ್ದುಮಾಡಿ, ಪ್ರಾಸಿಕ್ಯೂಷನ್ ಜನಾಂಗದ್ವೇಷವನ್ನು ಆಶ್ರಯಿಸಿತು, ಸಾಕ್ಷ್ಯವನ್ನು ಮುಚ್ಚಿಟ್ಟಿತು ಎಂದರು. ವಿವರದಲ್ಲಿ ತಪ್ಪಿದ ಹಾಡು ತಿರುಳಿನಲ್ಲಿ ನಿಂತಿತು. ಇದನ್ನು ತಿದ್ದುವುದು ಎಲ್ಲಿಂದ?

ನಡುರಾತ್ರಿ ಕೇಳುಗ

ನೀವಿಬ್ಬರೂ ಸರ್ಕಾರಿ ಕಡತ ಸರಿ, ಹಾಡು ಅದನ್ನು ಅನುಸರಿಸಬೇಕು ಎಂದು ಮೊದಲೇ ಒಪ್ಪಿಕೊಂಡು ಮಾತಾಡುತ್ತಿದ್ದೀರಿ. ನನಗೆ ಅದೇ ಸಮಸ್ಯೆ.

1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿಯಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಜನರನ್ನು ಕೊಂದರು. ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಅದೇ ವರ್ಷ ಬಂದ ಸರ್ಕಾರಿ ವಿಚಾರಣೆಯ ವಿಜರಿ ವರದಿ, ಮೊದಲು ಗುಂಡು ಬಂದದ್ದು ಸೈನಿಕರ ಮೇಲೆ ಎಂದಿತು. ಪಾಲ್ ಮೆಕಾರ್ಟ್ನಿ ಎರಡೇ ದಿನಗಳಲ್ಲಿ ಒಂದು ಹಾಡನ್ನು ಮುದ್ರಿಸಿದರು, ಬಿಬಿಸಿ ಅದನ್ನು ನಿಷೇಧಿಸಿತು, ಐರ್ಲೆಂಡಿನಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು. 1983ರಲ್ಲಿ ಯು2 ತಂಡದ ‘ಸಂಡೇ ಬ್ಲಡಿ ಸಂಡೇ’ ಬಂದಿತು. ಸತ್ತವರು ನಿರಪರಾಧಿಗಳು, ಯಾರಿಂದಲೂ ಅಪಾಯವಿರಲಿಲ್ಲ ಎಂದು ಸಾವಿಲ್ ವಿಚಾರಣಾ ವರದಿ ಹೇಳಿ, ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2010ರ ಜೂನ್ 15ರಂದು. ಮೂವತ್ತೆಂಟು ವರ್ಷ ಕಡತ ಒಂದು ಹೇಳುತ್ತಿತ್ತು, ಊರಿನವರು ಇನ್ನೊಂದು ಹೇಳುತ್ತಿದ್ದರು. ಆ ಅವಧಿಯಲ್ಲಿ ಯಾರಾದರೂ ‘ಅಧಿಕೃತ ವಿವರಕ್ಕೆ ಹೊಂದುವಂತೆ ಹಾಡನ್ನು ತಿದ್ದಿ’ ಎಂದಿದ್ದರೆ ಅದು ಸುಳ್ಳನ್ನು ಹಾಡಿಗೆ ತುರುಕಿದಂತಾಗುತ್ತಿತ್ತು.

ಯು2 ಹಾಡಿನ ಜಾಣತನ ಬೇರೆಯದು. ಅದರಲ್ಲಿ ಡೆರಿಯ ಹೆಸರಿಲ್ಲ, ಸೈನಿಕರ ದಳದ ಹೆಸರಿಲ್ಲ, ಸತ್ತವರ ಸಂಖ್ಯೆಯೂ ಇಲ್ಲ. ಆದ್ದರಿಂದಲೇ 1987ರ ನವೆಂಬರ್ 8ರಂದು ಉತ್ತರ ಐರ್ಲೆಂಡಿನ ಎನಿಸ್ಕಿಲನ್‌ನಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಐಆರ್‌ಎ ಇಟ್ಟ ಬಾಂಬಿಗೆ 11 ಜನ ಸತ್ತ ರಾತ್ರಿ, ಡೆನ್ವರ್‌ನ ವೇದಿಕೆಯಲ್ಲಿ ಬೋನೊ ಅದೇ ಹಾಡಿನ ನಡುವೆ ನಿಂತು, ಬಾಂಬಿಟ್ಟವರನ್ನೂ ಕೊಲ್ಲುವುದಕ್ಕೆ ಹಣ ಕಳಿಸುತ್ತಿದ್ದವರನ್ನೂ ಬೈಯಲು ಸಾಧ್ಯವಾಯಿತು. ಒಂದೇ ಹಾಡು ಎರಡೂ ಕಡೆಯ ಕೊಲೆಗಳಿಗೆ ತಾಗಿತು.

ಇದಕ್ಕೆ ಪೂರಾ ವಿರುದ್ಧವಾದದ್ದು ‘ಓಹಾಯೋ’. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ರಾಷ್ಟ್ರೀಯ ರಕ್ಷಕ ದಳದವರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿದರು, ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಜನ ಗಾಯಗೊಂಡರು. ಪತ್ರಿಕೆಯ ಚಿತ್ರಗಳನ್ನು ನೋಡಿ ನೀಲ್ ಯಂಗ್ ಬರೆದ ಹಾಡು ಅದೇ ತಿಂಗಳ 21ಕ್ಕೆ ಮುದ್ರಣವಾಗಿ ಜೂನ್‌ನಲ್ಲಿ ಅಂಗಡಿಗೆ ಬಂದಿತು. ಅದರಲ್ಲಿ ರಾಜ್ಯದ ಹೆಸರಿದೆ, ಸತ್ತವರ ಸಂಖ್ಯೆ ಇದೆ, ಅಧ್ಯಕ್ಷ ನಿಕ್ಸನ್ ಹೆಸರೂ ಇದೆ, ಆ ಹೆಸರಿಗಾಗಿಯೇ ಕೆಲವು ಬಾನುಲಿ ಕೇಂದ್ರಗಳು ಅದನ್ನು ಹಾಕಲಿಲ್ಲ. ಅಷ್ಟು ಬೇಗ ಬಂದ ಹಾಡು ತನಿಖೆಗೆ ಕಾಯಲಾರದು, ಕಾದಿದ್ದರೆ ಅದಕ್ಕೆ ಅರ್ಥವೂ ಇರುತ್ತಿರಲಿಲ್ಲ.

ತಂತಿ ಮತ್ತು ತೊಗಲು

ಎಲ್ಲರೂ ಇಷ್ಟು ಗಂಭೀರವಾಗಿರುವಾಗ ಹೇಳಲು ಸಂಕೋಚವಾಗುತ್ತದೆ, ಆದರೆ ವಿವರಗಳ ಖಚಿತತೆಗೆ ಬಹುಮಾನ ಕೊಡುವುದಾದರೆ ಅದು ‘ಸ್ಮೋಕ್ ಆನ್ ದ ವಾಟರ್’ ಹಾಡಿಗೆ ಸಲ್ಲಬೇಕು. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಫ್ರಾಂಕ್ ಜಪ್ಪಾ ಅವರ ಕಾರ್ಯಕ್ರಮ ನಡೆಯುತ್ತಿದ್ದಾಗ ಯಾರೋ ಹಾರಿಸಿದ ಜ್ವಾಲೆಯ ಪಿಸ್ತೂಲಿನಿಂದ ಕ್ಯಾಸಿನೊ ಸುಟ್ಟುಹೋಯಿತು. ಅಲ್ಲಿಯೇ ಧ್ವನಿಮುದ್ರಣ ಮಾಡಬೇಕೆಂದು ಬಂದಿದ್ದ ಡೀಪ್ ಪರ್ಪಲ್ ತಂಡ, ಜಾಗ ಹೋದದ್ದು, ಬಾಡಿಗೆಯ ಸಂಚಾರಿ ಸ್ಟುಡಿಯೊ, ಆಮೇಲೆ ಸಿಕ್ಕ ಖಾಲಿ ಹೋಟೆಲು, ಜನರನ್ನು ಹೊರಗೆಳೆದ ಕ್ಲಾಡ್ ನಾಬ್ಸ್ ಎಲ್ಲವನ್ನೂ ದಿನಚರಿ ಬರೆದಂತೆ ಹಾಡಿನಲ್ಲಿಟ್ಟಿತು. ಜಗತ್ತಿನ ಕೇಳುಗರಿಗೆ ನೆನಪಿರುವುದು ಮಾತ್ರ ಗಿಟಾರಿನ ಆರಂಭದ ಸ್ವರಗಳು.

ಲಾವಣಿಪದ

ನಡುರಾತ್ರಿ ಕೇಳುಗರು ಎತ್ತಿದ ವಿಷಯಕ್ಕೆ ಬರುತ್ತೇನೆ, ಅಂದರೆ ಹೆಸರು ಹೇಳುವ ಹಾಡು ಮತ್ತು ಹೆಸರು ಬಿಡುವ ಹಾಡು. ನನಗನಿಸುವಂತೆ ತಿದ್ದುವ ಪ್ರಶ್ನೆ ಹುಟ್ಟುವುದೇ ಮೊದಲನೆಯ ಬಗೆಗೆ.

‘ಸ್ಟ್ರೇಂಜ್ ಫ್ರೂಟ್’ ನೋಡಿ. 1930ರ ಆಗಸ್ಟ್ 7ರಂದು ಇಂಡಿಯಾನಾದ ಮೇರಿಯನ್‌ನಲ್ಲಿ ಇಬ್ಬರು ಕಪ್ಪು ಯುವಕರನ್ನು ಜನರ ಗುಂಪು ಜೈಲಿನಿಂದ ಎಳೆದು ಮರಕ್ಕೆ ನೇತುಹಾಕಿತು. ಆ ಛಾಯಾಚಿತ್ರ ನೋಡಿ ಕಲಕಿಹೋದ ನ್ಯೂಯಾರ್ಕಿನ ಶಾಲಾಶಿಕ್ಷಕ ಏಬಲ್ ಮಿರೊಪೊಲ್ ಕವಿತೆ ಬರೆದು 1937ರಲ್ಲಿ ಪ್ರಕಟಿಸಿದರು. ಬಿಲ್ಲಿ ಹಾಲಿಡೇ 1939ರಲ್ಲಿ ಅದನ್ನು ಮುದ್ರಿಸಲು ಹೊರಟಾಗ ಅವರ ದೊಡ್ಡ ಸಂಸ್ಥೆ ಕೊಲಂಬಿಯಾ ಒಪ್ಪಲಿಲ್ಲ, ಕಮಡೋರ್ ಎಂಬ ಸಣ್ಣ ಸಂಸ್ಥೆ ಒಪ್ಪಿತು. ಹಾಡು ಮರವನ್ನು ದಕ್ಷಿಣದಲ್ಲಿ ನೆಡುತ್ತದೆ. ಚಿತ್ರ ತೆಗೆದದ್ದು ಉತ್ತರದ ರಾಜ್ಯದಲ್ಲಿ. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಹಾಡು ಒಂದು ಘಟನೆಯಿಂದ ಹೊರಟು ಅಂಥ ಸಾವಿರಾರು ಘಟನೆಗಳ ಮಾತಾಡುತ್ತಿದೆ, ಮತ್ತು ಅವುಗಳಲ್ಲಿ ಬಹುಪಾಲು ನಡೆದದ್ದು ದಕ್ಷಿಣದಲ್ಲೇ.

1962ರ ಯುದ್ಧದ ಬಳಿಕ ಕವಿ ಪ್ರದೀಪ್ ಬರೆದು, ಸಿ. ರಾಮಚಂದ್ರ ರಾಗ ಹಾಕಿ, 1963ರ ಜನವರಿ 27ರಂದು ದೆಹಲಿಯಲ್ಲಿ ನೆಹರೂ ಅವರ ಎದುರು ಲತಾ ಮಂಗೇಶ್ಕರ್ ಹಾಡಿದ ‘ಏ ಮೇರೆ ವತನ್ ಕೇ ಲೋಗೋ’ ಕೂಡ ಹೀಗೆಯೇ. ಶತ್ರುದೇಶದ ಹೆಸರಿಲ್ಲ, ಯಾವ ಠಾಣೆಯ ಹೆಸರೂ ಇಲ್ಲ. ಹಿಮಾಲಯ ಗಾಯಗೊಂಡಿತು ಎನ್ನುತ್ತದೆ, ದೇಶ ದೀಪಾವಳಿಯಲ್ಲಿದ್ದಾಗ ಅವರು ಅಲ್ಲಿ ರಕ್ತದ ಹೋಳಿಯಾಡುತ್ತಿದ್ದರು ಎನ್ನುತ್ತದೆ. ಆ ವರ್ಷದ ದೀಪಾವಳಿ ನಿಜಕ್ಕೂ ಯುದ್ಧದ ದಿನಗಳಲ್ಲೇ ಬಿದ್ದಿತ್ತು, ಆದ್ದರಿಂದ ಅಲಂಕಾರದಂತೆ ಕಾಣುವ ಆ ಸಾಲು ಪಂಚಾಂಗದಷ್ಟೇ ನಿಖರ.

ಲಾವಣಿಗಳು ಇದಕ್ಕೆ ತದ್ವಿರುದ್ಧ. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯಾಗಲಿ, 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾನೂನಿಗೆ ಬಗ್ಗದೆ ನಿಂತ ಹಲಗಲಿಯ ಬೇಡರ ಲಾವಣಿಯಾಗಲಿ, ವ್ಯಕ್ತಿಗಳ ಹೆಸರನ್ನು ಒಂದೊಂದಾಗಿ ಎಣಿಸಿ ಹೇಳುತ್ತವೆ. ಹಲಗಲಿಯ ಪದದಲ್ಲಿ ಜಡಗ, ಬಾಲ, ಹನುಮ, ರಾಮ ಎಂದು ಹೆಸರು ಹಿಡಿದೇ ಕರೆಯುತ್ತಾರೆ. ಹಾಡು ಬಿಟ್ಟರೆ ಆ ಹೆಸರುಗಳಿಗೆ ಉಳಿದಿರುತ್ತಿದ್ದ ಜಾಗ ಸರ್ಕಾರದ ಶಿಕ್ಷೆಯ ಪಟ್ಟಿ ಒಂದೇ. ವಿಚಿತ್ರವೆಂದರೆ ಇಂಥ ಲಾವಣಿಗಳನ್ನು ಮೊದಲು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದವರಲ್ಲಿ ಅದೇ ಸರ್ಕಾರದ ಅಧಿಕಾರಿ, ಶಾಸನತಜ್ಞ ಜೆ. ಎಫ್. ಫ್ಲೀಟ್ ಪ್ರಮುಖರು.

ಹೊಸ ಸದಸ್ಯ

ಮಕ್ಕಳು ಕೈಹಿಡಿದು ಸುತ್ತುತ್ತ ಹಾಡುವ ‘ರಿಂಗ್ ಎ ರಿಂಗ್ ಓ ರೋಸಸ್’ ಲಂಡನ್ನಿನ 1665ರ ಪ್ಲೇಗಿನ ಹಾಡಂತೆ. ಅದನ್ನೂ ಸೇರಿಸಬಹುದಲ್ಲವೇ?

ಕಡತಪ್ರಿಯ

ಸೇರಿಸಲಾಗದು. ಇಂಗ್ಲೆಂಡಿನಲ್ಲಿ ಆ ಪದ್ಯ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1881ರಲ್ಲಿ, ಪ್ಲೇಗು ಬಂದು ಎರಡು ಶತಮಾನ ಕಳೆದ ಮೇಲೆ. ಪ್ಲೇಗಿನ ವಿವರಣೆ ಹರಡಿದ್ದು ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ. ಹಳೆಯ ಪಾಠಗಳು ಹಲವಿದ್ದು, ಪ್ಲೇಗಿನ ಸುಳಿವೆಂದು ತೋರಿಸುವ ಸೀನುವ ಸಾಲೇ ಕೆಲವುಗಳಲ್ಲಿ ಇಲ್ಲ. ಸೀನು ಪ್ಲೇಗಿನ ಲಕ್ಷಣವೂ ಅಲ್ಲ. ಜಾನಪದ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಘಟನೆಯಿಂದ ಹಾಡು ಹುಟ್ಟುವುದಿರಲಿ, ಇಲ್ಲಿ ಹಾಡಿಗಾಗಿ ಘಟನೆಯನ್ನು ಹುಡುಕಿ ತಂದಿದ್ದಾರೆ.

ಧ್ವನಿಮುದ್ರಿಕೆ

ಉತ್ತರಗಳಿಗೆ ಧನ್ಯವಾದ. ನಡುರಾತ್ರಿ ಕೇಳುಗರ ಆಕ್ಷೇಪಕ್ಕೆ ಮೊದಲು ಉತ್ತರಿಸುತ್ತೇನೆ. ನಾನು ಹೇಳಿದ್ದು ಕಡತಕ್ಕೆ ಹೊಂದಿಸಬೇಕು ಎಂದಲ್ಲ. ಲೈಟ್‌ಫುಟ್ ಮಾಡಿದ್ದು ಕೂಡ ಕಡತಕ್ಕೆ ವಿರುದ್ಧವಾದ ತಿದ್ದುಪಡಿಯೇ: ಸರ್ಕಾರಿ ವರದಿ ಮುಚ್ಚಳದ ಕಡೆಗಿತ್ತು, ಅವರು ಅದನ್ನು ಬಿಟ್ಟರು. ಡೆರಿಯ ವಿಷಯದಲ್ಲೂ ಅಳತೆಗೋಲು ಅದೇ ಆಗಬಹುದು. ವಿಜರಿ ವರದಿ ಸತ್ತವರ ಮೇಲೆ ಕಳಂಕ ಹೊರಿಸಿತು, ಹಾಡು ಹೊರಿಸಲಿಲ್ಲ.

ಸತ್ತು ಬಹಳ ಕಾಲವಾದವರ ವಿಷಯ ಇನ್ನೂ ಗೊಂದಲದ್ದು. 1958ರಲ್ಲಿ ಕಿಂಗ್‌ಸ್ಟನ್ ಟ್ರಯೊ ತಂಡ ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ‘ಟಾಮ್ ಡೂಲಿ’, ಲಾರಾ ಫಾಸ್ಟರ್ ಎಂಬಾಕೆಯ ಕೊಲೆಗಾಗಿ 1868ರ ಮೇ 1ರಂದು ನಾರ್ತ್ ಕ್ಯಾರೊಲಿನಾದಲ್ಲಿ ಗಲ್ಲಿಗೇರಿದ ಟಾಮ್ ಡ್ಯೂಲಾನ ಕಥೆ. ಆ ಧ್ವನಿಮುದ್ರಣದ ಆರಂಭದ ಮಾತು ಗ್ರೇಸನ್ ಎಂಬುವನನ್ನು ತ್ರಿಕೋನ ಪ್ರೇಮದ ಒಂದು ಮೂಲೆಯಾಗಿಸಿದೆ. ನಿಜದ ಗ್ರೇಸನ್ ಟೆನ್ನೆಸಿಯ ಜಮೀನುದಾರ; ತಲೆಮರೆಸಿಕೊಂಡು ಬಂದವನಿಗೆ ಕೆಲಸ ಕೊಟ್ಟು, ಆಮೇಲೆ ಅವನನ್ನು ಹಿಡಿಯಲು ನೆರವಾದವನು, ಅಷ್ಟೇ. ಯಾರೂ ದೂರು ಕೊಡಲಿಲ್ಲ, ಯಾರೂ ತಿದ್ದಲಿಲ್ಲ.

ಬೋನಿ ಎಂ ತಂಡದ 1978ರ ‘ರಾಸ್‌ಪುಟಿನ್’ ಕೂಡ ಇದೇ ಸಾಲಿಗೆ ಸೇರುತ್ತದೆ. ರಷ್ಯಾದ ಅರಮನೆಯಲ್ಲಿ ಪ್ರಭಾವಿಯಾಗಿದ್ದು ಕೊಲೆಯಾದ ಸಾಧು ರಾಸ್‌ಪುಟಿನ್ ಅಲ್ಲಿನ ಸಾಮ್ರಾಜ್ಞಿಯ ಪ್ರಿಯಕರ ಎಂದು ಅದು ಹೇಳುವುದಕ್ಕೆ ಆಧಾರವಿಲ್ಲ, ಅದು ಆ ಕಾಲದ ವಿರೋಧಿಗಳು ಹಬ್ಬಿಸಿದ ಅಪವಾದ. ವಿಷ ಕೊಟ್ಟರೂ ಸಾಯಲಿಲ್ಲ ಎಂಬ ಭಾಗ ಬಂದದ್ದು ಕೊಂದವರಲ್ಲಿ ಒಬ್ಬನಾದ ಯೂಸುಪೋವ್ ಬರೆದುಕೊಂಡ ಕಥೆಯಿಂದ. ಒಂದು ಉಪಕಥೆ ಹೇಳಲೇಬೇಕು. ಇದೇ ಕೊಲೆಯ ಮೇಲೆ ಬಂದ ಚಲನಚಿತ್ರವೊಂದು ತನ್ನನ್ನು ಅವಮಾನಿಸಿತೆಂದು ಯೂಸುಪೋವ್‌ನ ಹೆಂಡತಿ ಐರಿನಾ ಲಂಡನ್ನಿನಲ್ಲಿ ದಾವೆ ಹೂಡಿ 1934ರಲ್ಲಿ ಗೆದ್ದರು. ‘ಈ ಚಿತ್ರದ ಪಾತ್ರಗಳೆಲ್ಲ ಕಾಲ್ಪನಿಕ’ ಎಂಬ ಘೋಷಣೆ ಸಿನಿಮಾಗಳಲ್ಲಿ ವಾಡಿಕೆಯಾದದ್ದು ಆ ಮೊಕದ್ದಮೆಯಿಂದ. ಹಾಡುಗಳಿಗೆ ಅಂಥ ಘೋಷಣೆ ಯಾರೂ ಅಂಟಿಸುವುದಿಲ್ಲ.

ತಂತಿ ಮತ್ತು ತೊಗಲು

ಪಾಠ ಹೇಳುವುದಕ್ಕೆಂದೇ ಹುಟ್ಟಿದ ಹಾಡೂ ಒಂದಿದೆ. ಅಮೆರಿಕದ ಆರ್ಕನ್ಸಾಸ್‌ನ ಶಾಲಾಶಿಕ್ಷಕ ಜಿಮ್ಮಿ ಡ್ರಿಫ್ಟ್‌ವುಡ್, ವಿದ್ಯಾರ್ಥಿಗಳಿಗೆ ಇತಿಹಾಸದಲ್ಲಿ ಆಸಕ್ತಿ ಬರಲೆಂದು ಹಳೆಯ ಪಿಟೀಲಿನ ಧಾಟಿಗೆ ‘ದಿ ಬ್ಯಾಟಲ್ ಆಫ್ ನ್ಯೂ ಓರ್ಲಿಯನ್ಸ್’ ಬರೆದರು. 1959ರಲ್ಲಿ ಜಾನಿ ಹಾರ್ಟನ್ ಹಾಡಿದಾಗ ಅದು ಮೊದಲ ಸ್ಥಾನಕ್ಕೆ ಹೋಯಿತು. ಅಮೆರಿಕ ಮತ್ತು ಬ್ರಿಟನ್ ನಡುವೆ ಆ ಯುದ್ಧ ನಡೆದದ್ದು 1815ರ ಜನವರಿ 8ರಂದು. ಶಾಂತಿ ಒಪ್ಪಂದಕ್ಕೆ ಘೆಂಟ್‌ನಲ್ಲಿ ಸಹಿ ಬಿದ್ದದ್ದು 1814ರ ಡಿಸೆಂಬರ್ 24ರಂದು; ಸುದ್ದಿ ಸಾಗರ ದಾಟಿರಲಿಲ್ಲ. ಇಡೀ ಕಥೆಯ ದುರಂತವೇ ಅದು, ಆದರೆ ಕುಣಿದು ಕುಪ್ಪಳಿಸುವ ಆ ಹಾಡಿನಲ್ಲಿ ಅದರ ಸುಳಿವೇ ಇಲ್ಲ. ತಪ್ಪು ಹೇಳುವುದಕ್ಕಿಂತ ಬಿಟ್ಟುಬಿಡುವುದು ದೊಡ್ಡ ದೋಷ ಎಂದು ನನ್ನ ಅಭಿಪ್ರಾಯ, ಅದನ್ನು ಒಂದು ಸಾಲು ಬದಲಿಸಿ ತಿದ್ದಲೂ ಆಗದು.

ಬಾಬ್ ಮಾರ್ಲಿಯವರ 1976ರ ‘ವಾರ್’ ಈ ಅಪಾಯದಿಂದ ತಪ್ಪಿಸಿಕೊಂಡ ಬಗೆ ಸೊಗಸಾಗಿದೆ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ 1963ರ ಅಕ್ಟೋಬರ್ 4ರಂದು ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣದ ಮಾತುಗಳೇ ಬಹುಮಟ್ಟಿಗೆ ಅದರ ಸಾಹಿತ್ಯ.

ನಡುರಾತ್ರಿ ಕೇಳುಗ

ಲೈಟ್‌ಫುಟ್ ಬಗ್ಗೆ ಒಂದು ಮಾತು ಉಳಿದಿದೆ. ಅವರು ಸಾಲು ಬದಲಿಸಿದ್ದು ವೇದಿಕೆಯಲ್ಲಿ ಮಾತ್ರ. 1976ರ ಧ್ವನಿಮುದ್ರಣ ಹಾಗೆಯೇ ಇದೆ, ಬಾನುಲಿಯಲ್ಲಿ ಬರುವುದೂ ಅದೇ, ಫೋನಿನಲ್ಲಿ ಹುಡುಕಿದರೆ ಸಿಗುವುದೂ ಅದೇ. ಅವರು 2023ರ ಮೇ 1ರಂದು ತೀರಿಕೊಂಡರು, ಇನ್ನು ಆ ತಿದ್ದಿದ ಸಾಲನ್ನು ಹಾಡುವವರು ಯಾರು? ತಿದ್ದುವ ಹೊಣೆ ಇದೆ ಎನ್ನುವುದಾದರೆ ಅದು ಹಾಡಿದವರ ಜೊತೆಗೇ ಮುಗಿಯುತ್ತದೆಯೇ?

ಧ್ವನಿಮುದ್ರಿಕೆ

ಮುಗಿಯಬಾರದು. ಲೈಟ್‌ಫುಟ್ ಅವರ ನಂತರ ಅದನ್ನು ಹಾಡುವ ಬೇರೆ ಗಾಯಕರು ತಿದ್ದಿದ ಪಾಠವನ್ನೇ ಎತ್ತಿಕೊಳ್ಳಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಮುದ್ರಿತ ಧ್ವನಿಯನ್ನು ಕತ್ತರಿಸಿ ಬದಲಿಸುವುದಕ್ಕೆ ನನ್ನ ವಿರೋಧವಿದೆ, ಏಕೆಂದರೆ 1976ರಲ್ಲಿ ಜನ ಏನು ನಂಬಿದ್ದರು ಎಂಬುದಕ್ಕೆ ಆ ಮುದ್ರಣವೂ ಒಂದು ದಾಖಲೆ.

ಕಡತಪ್ರಿಯರ ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ. ‘ಹರಿಕೇನ್’ ಹಾಡಿನಲ್ಲಿ ಕಾರ್ಟರ್ ನಿರಪರಾಧಿ ಎಂಬ ವಾದವನ್ನು ಬಿಡಬೇಕಾಗಿಲ್ಲ. ಸಾಕ್ಷಿಗಳ ಹೆಸರು ಬರುವ ಸಾಲುಗಳನ್ನು ಮಾತ್ರ ಹೆಸರಿಲ್ಲದೆ ಹಾಡಬಹುದಿತ್ತು, ವಾದಕ್ಕೆ ಅದರಿಂದ ಏನೂ ಕಡಿಮೆಯಾಗುತ್ತಿರಲಿಲ್ಲ. ಡಿಲನ್ ಹಿಡಿದದ್ದು ಮೂರನೆಯ ದಾರಿ: 1976ರ ಜನವರಿಯ ಬಳಿಕ ಅವರು ಅದನ್ನು ವೇದಿಕೆಯಲ್ಲಿ ಹಾಡಲೇ ಇಲ್ಲ. ಹ್ಯಾಟಿ ಕ್ಯಾರೊಲ್ ಹಾಡನ್ನು ಆಮೇಲೂ ಹಲವು ಸಲ ಹಾಡಿದ್ದಾರೆ, ಒಂದು ವಿವರವನ್ನೂ ಬದಲಿಸದೆ.